ಮ್ಯಾಕ್ಸೆಂಟ್ ತಂತ್ರಾಂಶ: ನಕ್ಷೆಗೆ ಸಮರ್ಥ, ವಿಕಾಸದ ಅಳತೆಗೆ ಸಾಲದು

ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದು ಬಂಡೀಪುರದ ಕಾಡಿನೊಳಗೆ ಹಬ್ಬಿರುವ ಲಂಟಾನ, ಇಲ್ಲಿ ನೆಲೆಯೂರಿದ ಮೇಲೆ ತಾನು ಸಹಿಸಬಲ್ಲ ಹವಾಮಾನದ ವ್ಯಾಪ್ತಿಯನ್ನೇ ಬದಲಿಸಿಕೊಂಡಿದೆಯೇ ಎಂಬ ಪ್ರಶ್ನೆಯೊಂದಿಗೆ ಜೀವಿಯೊಂದಕ್ಕೆ ಒಗ್ಗುವ ಜಾಗಗಳನ್ನು ಅಂದಾಜಿಸಿ ನಕ್ಷೆ ಬಿಡಿಸುವ ಮ್ಯಾಕ್ಸೆಂಟ್ ತಂತ್ರಾಂಶವನ್ನು ನಾನು ಬಳಸಲು ತೊಡಗಿದೆ. ಉಚಿತವಾಗಿ ದೊರೆಯುವ, 2017ರಲ್ಲಿ ಮುಕ್ತ ಆಕರವಾದ ಈ ತಂತ್ರಾಂಶಕ್ಕೆ ಗಿಡ ಕಂಡುಬಂದ ಸ್ಥಳಗಳ ಅಕ್ಷಾಂಶ–ರೇಖಾಂಶಗಳನ್ನೂ ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ದತ್ತಸಂಗ್ರಹದ 19 ಹವಾಮಾನ ಪದರಗಳನ್ನೂ (ಉಷ್ಣತೆ, ಮಳೆಗೆ ಸಂಬಂಧಿಸಿದ ನಕ್ಷೆಗಳನ್ನೂ) ಒದಗಿಸಿದರೆ ಸಾಕು. ಸಾಧಾರಣ ಕಂಪ್ಯೂಟರಿನಲ್ಲೂ ಸೊಗಸಾದ ನಕ್ಷೆ ಸಿದ್ಧವಾಗುತ್ತದೆ. ಗಿಡ ಇಲ್ಲದ ಜಾಗಗಳ ದಾಖಲೆಯನ್ನು ಅದು ಕೇಳುವುದಿಲ್ಲ. ಕ್ಷೇತ್ರಕಾರ್ಯ ಮಾಡಿದವರಿಗೆ ಇದೆಷ್ಟು ದೊಡ್ಡ ಅನುಕೂಲವೆಂದು ಗೊತ್ತು.

ತೊಡಕು ಆರಂಭವಾಗುವುದು ಗಿಡದ ತವರಿನ ಮತ್ತು ಹೊಸ ನಾಡಿನ ನಕ್ಷೆಗಳನ್ನು ಹೋಲಿಸುವಾಗ. ಮ್ಯಾಕ್ಸೆಂಟ್ ತೋರಿಸುವುದು ಗಿಡ ಇಂದು ಕಾಣಸಿಗುವ ಹವಾಮಾನವನ್ನೇ ಹೊರತು ಅದು ಬದುಕಬಲ್ಲ ಸಮಸ್ತ ಹವಾಮಾನವನ್ನಲ್ಲ. 1957ರಲ್ಲಿ ಪರಿಸರ ವಿಜ್ಞಾನಿ ಹಚಿನ್‌ಸನ್ ಮೂಲಭೂತ ನೆಲೆ (ಜೀವಿ ಬದುಕಬಲ್ಲ ಎಲ್ಲ ಪರಿಸ್ಥಿತಿಗಳು) ಮತ್ತು ವಾಸ್ತವ ನೆಲೆ (ಅದು ನಿಜಕ್ಕೂ ಬದುಕುತ್ತಿರುವ ಪರಿಸ್ಥಿತಿಗಳು) ಎಂದು ಬಿಡಿಸಿ ಹೇಳಿದ್ದು ಈ ಅಂತರವನ್ನೇ. ತವರಿನಲ್ಲಿ ಇಲ್ಲದ ಹವಾಮಾನವೊಂದು ಹೊಸ ನಾಡಿನಲ್ಲಿದ್ದು, ಗಿಡ ಅಲ್ಲಿ ಬೆಳೆದರೆ, ಅದು ವಿಕಾಸವೋ ಅಥವಾ ಮೊದಲಿನಿಂದಲೂ ಇದ್ದ ಸಾಮರ್ಥ್ಯಕ್ಕೆ ಸಿಕ್ಕ ಅವಕಾಶವೋ ಎಂಬುದನ್ನು ನಕ್ಷೆ ಹೇಳಲಾರದು. ಅದಕ್ಕೆ ಬೀಜ ಬಿತ್ತಿ, ಬೇರೆ ಬೇರೆ ಉಷ್ಣತೆಗಳಲ್ಲಿ ಬೆಳೆಸಿಯೇ ನೋಡಬೇಕು. ಲಂಟಾನದ ವಿಷಯದಲ್ಲಂತೂ ಇನ್ನೂ ಕಷ್ಟ: ತೋಟಗಳಲ್ಲಿ ಬೆರಕೆ ಮಾಡಿ ಬೆಳೆಸಿದ ತಳಿಗಳ ಸಂತತಿಗೆ ಯಾವ ತವರನ್ನು ಮೂಲವೆಂದು ಹಿಡಿಯುವುದು?

ಗಿಡ ಕಂಡ ಸ್ಥಳಗಳೊಡನೆ ಹೋಲಿಸಲು ಸುತ್ತಲ ಪ್ರದೇಶದಿಂದ ತೆಗೆದುಕೊಳ್ಳುವ ಹಿನ್ನೆಲೆ ಬಿಂದುಗಳ ಆಯ್ಕೆಯೂ ಫಲಿತಾಂಶವನ್ನು ಅಲುಗಾಡಿಸುತ್ತದೆ. ತಂತ್ರಾಂಶ ತಾನಾಗಿ 10,000 ಬಿಂದುಗಳನ್ನು ಆರಿಸಿಕೊಳ್ಳುತ್ತದೆ, ಆದರೆ ಅವುಗಳನ್ನು ಎಷ್ಟು ವಿಶಾಲವಾದ ಪ್ರದೇಶದಿಂದ ಆರಿಸಬೇಕೆಂಬುದು ನಮ್ಮ ನಿರ್ಧಾರ; ಆ ಗಡಿಯನ್ನು ಸರಿಸಿದಂತೆ ತವರಿನ ಮತ್ತು ಹೊಸ ನಾಡಿನ ನೆಲೆಗಳ ಹೋಲಿಕೆಯ ಅಂಕಿಯೂ ಸರಿಯಬಹುದು. ರಸ್ತೆ ಬದಿಯ ದಾಖಲೆಗಳೇ ಹೆಚ್ಚಾಗಿದ್ದರೆ, ನಾವು ಗಿಡದ ನೆಲೆಯ ಬದಲು ದಾಖಲಿಸಿದವರ ಓಡಾಟವನ್ನು ಅಳೆದಂತಾಗುತ್ತದೆ.

2012ರಲ್ಲಿ ಹೊರನಾಡುಗಳಲ್ಲಿ ಹಬ್ಬಿದ 50 ಸಸ್ಯ ಪ್ರಭೇದಗಳನ್ನು ಪರಿಶೀಲಿಸಿದ ಪೆಟಿಟ್‌ಪಿಯೆರ್ ತಂಡ, ತವರು, ಹೊಸ ನಾಡು ಎರಡೂ ಕಡೆ ಲಭ್ಯವಿರುವ ಹವಾಮಾನಕ್ಕೆ ಹೋಲಿಕೆಯನ್ನು ಸೀಮಿತಗೊಳಿಸಿದಾಗ, ನೆಲೆಯ ಗಣನೀಯ ಪಲ್ಲಟ ಕೆಲವೇ ಪ್ರಭೇದಗಳಲ್ಲಿ ಕಂಡಿತು. ಈ ಎಚ್ಚರಿಕೆಯನ್ನು ತಂತ್ರಾಂಶ ತಾನಾಗಿ ವಹಿಸುವುದಿಲ್ಲ. ತಂತ್ರಾಂಶ ಕಲಿತ ದತ್ತಾಂಶದಲ್ಲಿ ಇಲ್ಲದ ಹವಾಮಾನ ಎಲ್ಲೆಲ್ಲಿದೆಯೆಂದು ತೋರಿಸುವ ಮೆಸ್ (MESS) ನಕ್ಷೆ ಅದರಲ್ಲೇ ಇದೆ. ಅದನ್ನು ತೆರೆದು ನೋಡದೆ ಯಾರೂ ‘ನೆಲೆ ವಿಕಾಸಗೊಂಡಿದೆ’ ಎಂದು ಬರೆಯಬಾರದೆಂದು ನಾನು ಬಲವಾಗಿ ನಂಬುತ್ತೇನೆ. ಲಂಟಾನ ಮುಂದೆ ಎಲ್ಲಿ ಹಬ್ಬಬಹುದೆಂದು ಊಹಿಸಲು ಮ್ಯಾಕ್ಸೆಂಟನ್ನು ನಾನು ಈಗಲೂ ಬಳಸುತ್ತೇನೆ. ಆ ಗಿಡ ಬದಲಾಗಿದೆಯೇ ಎಂದು ತಿಳಿಯಲು ಸಸಿಗಳನ್ನು ಬೆಳೆಸುತ್ತಿದ್ದೇನೆ.