ಪಿಸಿಆರ್ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ಡಿಎಂಎಲ್‌ಟಿ ಅನ್ನೋ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಹಾಸನದ ಸಣ್ಣ ಲ್ಯಾಬೊಂದರಲ್ಲಿ ಆರು ವರ್ಷ ಶುಗರ್, ಸಿಬಿಸಿ ಮಾಡಿಕೊಂಡಿದ್ದವಳು ನಾನು. ಮಾಲಿಕ್ಯುಲರ್, ಅಂದ್ರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ರೋಗ ಪತ್ತೆ ಮಾಡೋ ಪಿಸಿಆರ್‌ನಂಥ ಟೆಸ್ಟು ಕಲಿತರೆ ಸಂಬಳ ಜಾಸ್ತಿ ಅಂತ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಗೆ 28,000 ಕಟ್ಟಿ 10 ದಿನದ ಕೋರ್ಸಿಗೆ ಸೇರಿದೆ. ಹೆಸರು ಹಾಕಲ್ಲ, ಇನ್‌ಬಾಕ್ಸಿಗೆ ಬಂದು ಕೇಳಬೇಡಿ.

22 ಜನಕ್ಕೆ ಒಂದೇ ರಿಯಲ್ ಟೈಮ್ ಪಿಸಿಆರ್ ಮಷೀನು, ಹನಿ ಅಳೆದು ಹಾಕೋ ಪಿಪೆಟ್ ಮೂರು. ನನ್ನ ಕೈಗೆ ಪಿಪೆಟ್ ಬಂದದ್ದು ಎರಡೇ ಸಲ, ಅದೂ ಬಣ್ಣದ ನೀರು ಎಳೆಯೋಕೆ. ಮಿಕ್ಕಿದ್ದೆಲ್ಲ ಪಿಪಿಟಿ. 95 ಡಿಗ್ರಿಯಲ್ಲಿ ಡಿಎನ್‌ಎ ಎಳೆ ಬಿಡಿಸಿಕೊಳ್ಳುತ್ತೆ, 60ರಲ್ಲಿ ನಕಲು ಶುರು ಮಾಡಿಸೋ ಪ್ರೈಮರ್ ಅನ್ನೋ ಪುಟ್ಟ ತುಣುಕು ಅದಕ್ಕೆ ಕೂರುತ್ತೆ ಅನ್ನೋದು ಯೂಟ್ಯೂಬಿನಲ್ಲೂ ಪುಕ್ಕಟೆ ಸಿಗುತ್ತೆ.

ಎಂಟನೇ ದಿನ ರನ್ ಮುಗಿದು ಗ್ರಾಫ್ ಬಂತು. ಎನ್‌ಟಿಸಿ ಗೆರೆ 33ನೇ ಸೈಕಲ್ಲಿಗೆ (ಬಿಸಿ ಮಾಡಿ ಆರಿಸೋ ಸುತ್ತಿಗೆ) ಮೇಲೆದ್ದಿತ್ತು, ಅಂದ್ರೆ ಪಾಸಿಟಿವ್. ಎನ್‌ಟಿಸಿ ಅಂದ್ರೆ ಸ್ಯಾಂಪಲ್ ಬದಲು ಬರೀ ನೀರು ಹಾಕಿದ ವೆಲ್ (ಪುಟ್ಟ ಕುಳಿ). ನೀರೇ ಪಾಸಿಟಿವ್ ಬಂದರೆ ಎಲ್ಲೋ ಡಿಎನ್‌ಎ ಬೆರೆತಿದೆ ಅಂತ ಅರ್ಥ, ಆ ರನ್‌ನ ರಿಪೋರ್ಟ್ ಆಚೆ ಬಿಡೋ ಹಾಗಿಲ್ಲ. "ಸರ್, ಇದೇನಿದು?" ಅಂದೆ. ಅವರು ಮೌಸ್ ಹಿಡಿದು ಆ ವೆಲ್‌ನ ಟಿಕ್ ತೆಗೆದರು. ಗೆರೆ ಮಾಯ. "ಟ್ರೈನಿಂಗ್ ರನ್ ಅಲ್ವಾ ಮೇಡಂ, ಬಿಟ್ಟಾಕಿ."

ಬೆರೆಯದೆ ಇನ್ನೇನು? ಮಾಸ್ಟರ್ ಮಿಕ್ಸ್ (ಟೆಸ್ಟಿನ ರಾಸಾಯನಿಕಗಳ ಮಿಶ್ರಣ) ಮಾಡೋದು, ಸ್ಯಾಂಪಲ್ ಹಾಕೋದು, ಹಿಂದಿನ ಬ್ಯಾಚಿನ ಟ್ಯೂಬ್ ಬಿಚ್ಚಿ ಜೆಲ್‌ಗೆ ಸುರಿಯೋದು ಎಲ್ಲ ಒಂದೇ ಟೇಬಲ್ ಮೇಲೆ. ಒಂದು ಡಿಎನ್‌ಎ ತುಣುಕು ಪ್ರತಿ ಸೈಕಲ್ಲಿಗೂ ಎರಡರಷ್ಟಾಗುತ್ತ 40 ಸೈಕಲ್ಲಿನಲ್ಲಿ ಲೆಕ್ಕದ ಪ್ರಕಾರ ಲಕ್ಷ ಕೋಟಿ ಆಗುತ್ತೆ. ಮುಚ್ಚಳ ತೆಗೆದರೆ ಅದು ಕೋಣೆಯೆಲ್ಲ ಹರಡುತ್ತೆ. ಅದಕ್ಕೇ ಸರಿಯಾದ ಲ್ಯಾಬಿನಲ್ಲಿ ರಿಯೇಜೆಂಟಿಗೆ, ಎಕ್ಸ್‌ಟ್ರಾಕ್ಷನ್ನಿಗೆ, ಆಂಪ್ಲಿಫಿಕೇಷನ್ನಿಗೆ (ರಾಸಾಯನಿಕ ಬೆರೆಸೋಕೆ, ಡಿಎನ್‌ಎ ತೆಗೆಯೋಕೆ, ನಕಲು ಹೆಚ್ಚಿಸೋಕೆ) ಬೇರೆ ಬೇರೆ ಜಾಗ. ಓಡಾಟ ಒಂದೇ ದಿಕ್ಕಿಗೆ, ಆ ಕಡೆಯ ಕೋಟು, ಪಿಪೆಟ್ ಈ ಕಡೆ ಬರೋ ಹಾಗಿಲ್ಲ. ಇವರು ಟೇಬಲ್ ಒರೆಸ್ತಿದ್ದದ್ದೂ ಸ್ಪಿರಿಟ್‌ನಲ್ಲೇ. ಸ್ಪಿರಿಟ್ಟಿಗೆ ರೋಗಾಣು ಸಾಯಬಹುದು, ಡಿಎನ್‌ಎ ಜಗ್ಗಲ್ಲ. ಅದಕ್ಕೆ ಹೈಪೋಕ್ಲೋರೈಟ್ (ಬ್ಲೀಚ್) ಥರದ್ದು ಬೇಕು.

ಸರ್ಟಿಫಿಕೇಟ್ ಹಿಡಿದು ಮೈಸೂರಿನ ಲ್ಯಾಬೊಂದಕ್ಕೆ ಇಂಟರ್‌ವ್ಯೂಗೆ ಹೋದೆ. ಅಲ್ಲಿನ ಮೇಡಂ ಅದನ್ನು ಪಕ್ಕಕ್ಕಿಟ್ಟು, "5 ಮೈಕ್ರೋಲೀಟರ್ ನೀರು ತೂಕದ ಮಷೀನ್ ಮೇಲೆ ಹಾಕಮ್ಮ" ಅಂದರು. 5 ಮಿಲಿಗ್ರಾಂ ಬರಬೇಕು. ನನ್ನದು ಒಮ್ಮೆ 6.2, ಇನ್ನೊಮ್ಮೆ 7. ಪಿಪೆಟ್ ಗುಂಡಿಯನ್ನು ಎರಡನೇ ತಡೆಯವರೆಗೂ ಒತ್ತಿ ಎಳೀತಿದ್ದೆ! ಎಳೆಯೋದು ಮೊದಲ ತಡೆಯಿಂದ, ಎರಡನೆಯದು ಉಳಿದ ಹನಿ ಹೊರಹಾಕೋಕೆ. ಹತ್ತು ದಿನದಲ್ಲಿ ಇಷ್ಟನ್ನೂ ಯಾರೂ ತಿದ್ದಿರಲಿಲ್ಲ. "ಎನ್‌ಟಿಸಿ ಎದ್ದರೆ ಏನ್ ಮಾಡ್ತೀಯ?" ಅಂತ ಆಮೇಲೆ ಕೇಳಿದರು. ನನಗೆ ಆ ಮೌಸ್ ಕಣ್ಮುಂದೆ ಬಂತು, ಬಾಯಿ ಬರಲಿಲ್ಲ.

ಸೇರೋ ಮುಂಚೆ ಖುದ್ದು ಹೋಗಿ ನೋಡಿ. ಒಂದು ಪಿಪೆಟ್ಟಿಗೆ ಎಷ್ಟು ಜನ ಕೇಳಿ. ಹೋದ ಬ್ಯಾಚಿನ ಗ್ರಾಫ್ ತೋರಿಸಿ ಅನ್ನಿ, ಎನ್‌ಟಿಸಿ ಸಮೇತ. "ನಮ್ಮ ಸರ್ಟಿಫಿಕೇಟಿಗೆ ಎನ್‌ಎಬಿಎಲ್ ಮಾನ್ಯತೆ ಇದೆ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಐಎಸ್‌ಒ 15189 ಅನ್ನೋ ಮಾನದಂಡದ ಪ್ರಕಾರ, ಲ್ಯಾಬ್‌ಗಳ ಗುಣಮಟ್ಟ ನೋಡೋ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಸಿಗೋದು ಲ್ಯಾಬಿಗೆ, ಕೋರ್ಸಿಗಲ್ಲ.

ದುಡ್ಡು ವಾಪಸ್ ಕೇಳೋಕೆ ಫೋನ್ ಮಾಡಿದ್ದೆ. ಅಡ್ವಾನ್ಸ್ಡ್ ಕೋರ್ಸಿಗೆ 20 ಪರ್ಸೆಂಟ್ ಡಿಸ್ಕೌಂಟ್ ಇದೆಯಂತೆ.