ಡಯಟ್ ಡಬ್ಬಿ, ಜಿಮ್ಮು ಮತ್ತು ರಾತ್ರಿ ಹತ್ತೂವರೆಯ ಉಪ್ಪಿಟ್ಟು

ಮೊದಲೇ ಹೇಳಿಬಿಡುತ್ತೇನೆ, ತೂಕ ಇಳಿಸಲು ತಿಂಗಳ ದುಡ್ಡು ಕಟ್ಟಿ ತರಿಸಿಕೊಂಡ ಈ ಡಯಟ್ ಊಟದ ಡಬ್ಬಿ ಕೆಟ್ಟದ್ದಲ್ಲ. ಟೈಮಿಗೆ ಸರಿಯಾಗಿ ಬರುತ್ತದೆ. ಎಣ್ಣೆ ಕಡಿಮೆ, ತರಕಾರಿ ಫ್ರೆಶ್. ಆದರೆ ವಾರಕ್ಕೆ ಐದಾರು ದಿನ ಬೆವರು ಸುರಿಸುವವರು ಈ ಡಬ್ಬಿಯೊಂದನ್ನೇ ನಂಬಿಕೊಂಡರೆ ರಾತ್ರಿ ಸ್ವಂತ ಅಡುಗೆಮನೆಗೇ ಕಳ್ಳರ ಹಾಗೆ ಹೋಗಬೇಕಾಗುತ್ತದೆ. ನಾನು ಹೋಗಿದ್ದೇನೆ.

ನನ್ನ ಬಗ್ಗೆ ಸ್ವಲ್ಪ. ಮೈಸೂರು, ಕುವೆಂಪುನಗರ. ವಯಸ್ಸು 43. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಂಕ್ರಾಂತಿ ಎಳ್ಳು-ಬೆಲ್ಲ ಮುಗಿದ ಮಾರನೇ ದಿನ ತೂಕ ನೋಡಿದೆ, 74.2 ಕೆ.ಜಿ. ಅದೇ ವಾರ ಜಿಮ್ ಸೇರಿದೆ, ಅದೇ ವಾರ ಡಬ್ಬಿಗೂ ದುಡ್ಡು ಕಟ್ಟಿದೆ. ಎರಡನ್ನೂ ಒಟ್ಟಿಗೇ ಶುರು ಮಾಡಬೇಡ ಅಂತ ನಮ್ಮೆಜಮಾನರು ಹೇಳಿದ್ದರು. ಅವರು ಹೇಳಿದ್ದರು ಅನ್ನುವ ಕಾರಣಕ್ಕೇ ಶುರು ಮಾಡಿದೆ.

ಸೇವೆಯ ಹೆಸರು ಬರೆಯುವುದಿಲ್ಲ. ಮೂರ್ನಾಲ್ಕು ಜನ ಹುಡುಗರು ಹೊಸದಾಗಿ ನಡೆಸುತ್ತಿದ್ದಾರೆ. ಅವರು ನನ್ನ ಹೊಟ್ಟೆಗೆ ಹೊಡೆದರು ಅಂತ ನಾನು ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ.

ತಿಂಗಳಿಗೆ 26 ದಿನ, ಮಧ್ಯಾಹ್ನ ಮತ್ತು ರಾತ್ರಿ ಎರಡು ಡಬ್ಬಿ. 6,500 ರೂಪಾಯಿ. ಅಂದರೆ ಒಂದು ಡಬ್ಬಿಗೆ 125. ಮಧ್ಯಾಹ್ನದ್ದು ಹನ್ನೆರಡೂಕಾಲಕ್ಕೆ ಶಾಲೆಯ ಗೇಟಿಗೆ, ರಾತ್ರಿಯದ್ದು ಏಳೂವರೆಗೆ ಮನೆಗೆ. ಆ ತಿಂಗಳಲ್ಲಿ ಒಂದೇ ಒಂದು ದಿನ ತಡವಾಯಿತು, ಅದೂ ಹತ್ತು ನಿಮಿಷ. ಡಬ್ಬಿ ಸ್ಟೀಲಿನದು, ತೊಳೆದು ವಾಪಸ್ ಕೊಡಬೇಕು. ಪ್ಲಾಸ್ಟಿಕ್ ಇಲ್ಲ. ಇದಕ್ಕೆಲ್ಲ ಪೂರ್ತಿ ಮಾರ್ಕ್ಸ್.

ಬೆಳಿಗ್ಗೆಗೆ ಡಬ್ಬಿ ಇಲ್ಲ, ಚಾರ್ಟ್ ಮಾತ್ರ ಕೊಡುತ್ತಾರೆ. ಒಂದು ಹಣ್ಣು, ಹಾಲಿಲ್ಲದ ಕಾಫಿ. ಸಂಜೆ ಗ್ರೀನ್ ಟೀ, ಹತ್ತು ಬಾದಾಮಿ. ಎಲ್ಲಾ ಸೇರಿ ದಿನಕ್ಕೆ 1,200 ಕ್ಯಾಲೊರಿ ಅಂತ ಲೆಕ್ಕ. ಸೇರುವಾಗ ಒಂದು ಫಾರಂ ತುಂಬಿಸಿಕೊಂಡರು. 'ವ್ಯಾಯಾಮ ಮಾಡುತ್ತೀರಾ?' ಅನ್ನುವ ಪ್ರಶ್ನೆಗೆ ಹೌದು ಅಂತ ಟಿಕ್ ಹಾಕಿದೆ. ಮೂರು ದಿನ ಜಿಮ್, ಎರಡು ದಿನ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಅಂತ ವಿವರವಾಗಿ ಬರೆದೆ. ಆಮೇಲೆ ಗೊತ್ತಾಯಿತು, ಮನೆಯಲ್ಲಿ ಕೂತೇ ಇರುವ ನಮ್ಮ ಪಕ್ಕದ ಬೀದಿಯ ಗೆಳತಿಗೂ ಅದೇ ಚಾರ್ಟು, ಅದೇ ಡಬ್ಬಿ. ಟಿಕ್ ಹಾಕಿದ್ದು ಸುಮ್ನೆ.

ಮೊದಲ ಒಂಬತ್ತು ದಿನ ಸ್ವರ್ಗ. 1.6 ಕೆ.ಜಿ. ಇಳಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ವಿಜ್ಞಾನದ ಮೇಷ್ಟ್ರಾಗಿ ನನಗೆ ಗೊತ್ತಿರಬೇಕಿತ್ತು, ಅದರಲ್ಲಿ ಬಹುಪಾಲು ನೀರು. ಊಟ ಕಡಿಮೆಯಾದಾಗ ದೇಹ ಮೊದಲು ಖರ್ಚು ಮಾಡುವುದು ಗ್ಲೈಕೊಜೆನ್ನನ್ನು, ಅಂದರೆ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನನ್ನು. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಗೊತ್ತಿದ್ದೂ ಖುಷಿಪಟ್ಟೆ.

ಹಸಿವು ಬಂದಿದ್ದು ಎರಡನೇ ವಾರದ ಕೊನೆಗೆ. ತಮಾಷೆ ಅಂದರೆ ಜಿಮ್ಮಿನಿಂದ ಬಂದ ತಕ್ಷಣ ಹಸಿವೇ ಇರುವುದಿಲ್ಲ. ಜೋರಾಗಿ ಮೈ ದಣಿಸಿದರೆ ಸ್ವಲ್ಪ ಹೊತ್ತು ಹಸಿವು ಅಡಗಿಕೊಳ್ಳುತ್ತದೆ. ಒಂದು ಪರಂಗಿ ಹೋಳು ತಿಂದು 'ಅಬ್ಬಾ, ನಾನು ಗೆದ್ದೆ' ಅಂದುಕೊಂಡು ಶಾಲೆಗೆ ಹೋಗುತ್ತಿದ್ದೆ. ಹನ್ನೊಂದಕ್ಕೆ ಎಂಟನೇ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆಯುವಾಗ ಕೈ ನಡುಗುತ್ತಿತ್ತು. ನಾಲ್ಕಕ್ಕೆ ಯಾರ ಡಬ್ಬಿ ವಾಸನೆ ಬಂದರೂ ಕತ್ತು ಆ ಕಡೆ ತಿರುಗುತ್ತಿತ್ತು. ಒಂದು ಬುಧವಾರ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬ, ಮೈಸೂರು ಪಾಕ್ ತಂದಿದ್ದರು. ಬೇಡ ಬೇಡ ಅನ್ನುತ್ತಲೇ ನಾಲ್ಕು ಪೀಸ್ ತಿಂದೆ. ನಾಲ್ಕನೆಯದ್ದರ ರುಚಿ ನೆನಪೇ ಇಲ್ಲ.

ಅದೇ ರಾತ್ರಿ ಹತ್ತೂವರೆ. ಎಲ್ಲರೂ ಮಲಗಿದ್ದಾರೆ. ಬೆಳಗಿನ ಉಪ್ಪಿಟ್ಟು ಬಾಂಡಲೆಯಲ್ಲಿ ಸ್ವಲ್ಪ ಉಳಿದಿತ್ತು. ಲೈಟ್ ಹಾಕದೆ, ಫ್ರಿಜ್ ಬಾಗಿಲು ತೆಗೆದು ಅದರ ಬೆಳಕಿನಲ್ಲಿ ನಿಂತು, ಕೈಯಲ್ಲೇ ಬಳಿದು ತಿನ್ನುತ್ತಿದ್ದೆ. ತಣ್ಣಗೆ ಗಟ್ಟಿಯಾದ ಉಪ್ಪಿಟ್ಟು. ಇಷ್ಟು ರುಚಿಯಾದ ಉಪ್ಪಿಟ್ಟು ಜೀವನದಲ್ಲಿ ತಿಂದಿರಲಿಲ್ಲ. ಟಪ್ ಅಂತ ಲೈಟ್ ಬಂತು. ಬಾಗಿಲಲ್ಲಿ ಅತ್ತೆ.

"ಕೂತ್ಕೊಂಡು ತಿನ್ನಮ್ಮ. ನಿಂತ್ಕೊಂಡು ತಿಂದ್ರೆ ಮೈಗೆ ಹತ್ತಲ್ಲ."

"ಹತ್ತಬಾರದು ಅಂತಾನೇ ಅಲ್ವಾ ಅತ್ತೆ ಇಷ್ಟೆಲ್ಲಾ ಮಾಡ್ತಿರೋದು," ಅಂದೆ. ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ಬಂತು, ಅದು ಬೇರೆ ವಿಷಯ.

ಮರುದಿನ ಡಬ್ಬಿಯವರ ಡಯಟಿಷಿಯನ್‌ಗೆ ಫೋನ್ ಮಾಡಿದೆ. "ಹಸಿವಾದರೆ ಮೊದಲು ನೀರು ಕುಡೀರಿ ಮೇಡಂ, ಇಲ್ಲಾಂದ್ರೆ ಸೌತೆಕಾಯಿ ತಿನ್ನಿ. ಮನಸ್ಸು ಗಟ್ಟಿ ಮಾಡ್ಕೊಳ್ಳಿ." ಪಾಪ, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ನಲವತ್ತು ನಿಮಿಷ ಭಾರ ಎತ್ತಿ ಬಂದವಳಿಗೆ ಸೌತೆಕಾಯಿ ಎಷ್ಟು ಹೊತ್ತು ತಡೆಯುತ್ತದೆ? ಕೊನೆಗೆ 90 ರೂಪಾಯಿಯ ಪ್ರೋಟೀನ್ ಬಾರ್ ಒಂದನ್ನು ಸೇರಿಸಿಕೊಳ್ಳಿ ಅಂದರು. ತಿಂದು ನೋಡಿದೆ. ಖರ್ಜೂರದ ಉಂಡೆಗೆ ಚಾಕೊಲೇಟ್ ಬಳಿದ ಹಾಗಿತ್ತು. ಒಂದು ಗಂಟೆಗೆ ಮತ್ತೆ ಹಸಿವು.

ಆಮೇಲೆ ನನ್ನೊಳಗಿನ ಟೀಚರಮ್ಮ ಎದ್ದರು. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಭಾನುವಾರದ ಮಧ್ಯಾಹ್ನದ ಡಬ್ಬಿಯನ್ನು ಬಿಡಿಬಿಡಿಯಾಗಿ ತೂಗಿದೆ. ಚೀಟಿಯ ಮೇಲೆ 'ಹೈ ಪ್ರೋಟೀನ್, 22 ಗ್ರಾಂ' ಅಂತ ಇತ್ತು. ಒಳಗೆ ಇದ್ದದ್ದು ಪನೀರ್ 38 ಗ್ರಾಂ, ಕಿನ್ವಾ ಅನ್ನುವ ವಿದೇಶಿ ಕಾಳು ಬೇಯಿಸಿದ್ದು 60 ಗ್ರಾಂ, ಮಿಕ್ಕಿದ್ದು ಸೌತೆ, ಎಲೆ, ಬಣ್ಣಬಣ್ಣದ ದೊಣ್ಣೆಮೆಣಸಿನಕಾಯಿ. ಎಷ್ಟು ಧಾರಾಳವಾಗಿ ಲೆಕ್ಕ ಹಾಕಿದರೂ ಪ್ರೋಟೀನ್ 11 ಗ್ರಾಂ ದಾಟಲಿಲ್ಲ. ರಾತ್ರಿಯ ಸೂಪು, ಎರಡು ತೆಳು ರೊಟ್ಟಿ, ಅಣಬೆ ಪಲ್ಯದಲ್ಲಿ ಅದಕ್ಕಿಂತ ಕಡಿಮೆ. ಬಾದಾಮಿ, ಹಣ್ಣು ಎಲ್ಲಾ ಸೇರಿಸಿದರೂ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಗ್ರಾಂ. ನಮ್ಮ ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದೇ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. ನನ್ನ ತೂಕಕ್ಕೆ 61 ಗ್ರಾಂ ಆಯಿತು. ಅದೂ ಸಾಮಾನ್ಯ ಜನರಿಗೆ. ಊಟ ಇಳಿಸಿಕೊಂಡು ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಅರ್ಧಕ್ಕೂ ಕಡಿಮೆ ಕೊಟ್ಟು ಮನಸ್ಸು ಗಟ್ಟಿ ಮಾಡಿಕೋ ಅಂದರೆ ಹೊಟ್ಟೆ ಕೇಳುತ್ತದೆಯೇ?

ಇನ್ನೊಂದು ಸಿಟ್ಟು ಆಲೂಗಡ್ಡೆಯದು. ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ 'ಆಲೂಗಡ್ಡೆ ಬೇಡವೇ ಬೇಡ' ಅಂತಿದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ತಿನಿಸುಗಳನ್ನು ಒಂದೇ ಅಳತೆಯ ಕ್ಯಾಲೊರಿಗೆ ತಂದು, ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿಸುತ್ತದೆ ಅಂತ ಜನರಿಗೆ ತಿನ್ನಿಸಿ ನೋಡಿದ್ದರು. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323. ಪಟ್ಟಿಯಲ್ಲಿ ಅದೇ ಮೊದಲು. ಕರಿದ ಚಿಪ್ಸ್ ಬೇಡ ಅನ್ನಿ, ಒಪ್ಪುತ್ತೇನೆ. ಬೇಯಿಸಿದ ಗಡ್ಡೆ ಏನು ತಪ್ಪು ಮಾಡಿತು?

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಭಾನುವಾರ ಬೆಟ್ಟ ಹತ್ತಿ ಇಳಿದಾಗ ಕೈಗಡಿಯಾರ 520 ಕ್ಯಾಲೊರಿ ಅಂತ ತೋರಿಸುತ್ತಿತ್ತು. ಅದನ್ನು ನಂಬಿ ಒಂದು ಮಸಾಲೆ ದೋಸೆ, ಒಂದು ಕಾಫಿ ಹೊಡೆದು ಬರುತ್ತಿದ್ದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಗಡಿಯಾರಗಳನ್ನು ಪರೀಕ್ಷಿಸಿದಾಗ ಎದೆಬಡಿತವೇನೋ ಹೆಚ್ಚಿನವು ಸರಿಯಾಗಿ ತೋರಿಸಿದ್ದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಕೆಟ್ಟದ್ದು ಶೇ. 93. ಈಗ ಆ ಅಂಕಿಯನ್ನು ನೋಡುವುದೇ ಇಲ್ಲ. ಬೆಟ್ಟ ಹತ್ತುತ್ತೇನೆ, ನಂದಿಗೆ ಕೈ ಮುಗಿಯುತ್ತೇನೆ, ಇಳಿಯುತ್ತೇನೆ. ದೋಸೆ ತಿಂಗಳಿಗೊಂದು, ಅದೂ ಆಸೆಗೆ. ಸಂಪಾದನೆ ಮಾಡಿದ್ದೇನೆ ಅಂತಲ್ಲ.

ನಿದ್ದೆಯದ್ದೂ ಇದೆ. ಫೆಬ್ರವರಿಯಲ್ಲಿ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪೇಪರ್ ತಿದ್ದುತ್ತಾ ಹನ್ನೆರಡಾಗುತ್ತಿತ್ತು, ಐದಕ್ಕೆ ಅಲಾರಂ. ಆ ವಾರ ಹಸಿವು ರಾಕ್ಷಸನ ಹಾಗೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರುತ್ತದೆ. ಅಂಥ ದಿನ ಈಗ ಜಿಮ್ ಬಿಟ್ಟು ಇನ್ನೊಂದು ಗಂಟೆ ಮಲಗುತ್ತೇನೆ.

ಒಂದು ತಿಂಗಳಿಗೆ ತೂಕ 73.1. ಕಟ್ಟಿದ 6,500ಕ್ಕೆ ಒಂದು ಕೆ.ಜಿ. ಚಿಲ್ಲರೆ.

ಎರಡನೇ ತಿಂಗಳು ರಾತ್ರಿ ಡಬ್ಬಿ ಬಿಟ್ಟು ಮಧ್ಯಾಹ್ನದ್ದು ಮಾತ್ರ ಇಟ್ಟುಕೊಂಡೆ. ರಾತ್ರಿಗೆ ಅತ್ತೆಯ ಉಪ್ಸಾರು. ಅವರು ಮಂಡ್ಯ ಕಡೆಯವರು, ಇದಕ್ಕೆ ಅವರನ್ನು ಒಪ್ಪಿಸುವುದೇನೂ ಬೇಕಿರಲಿಲ್ಲ. ಹೆಸರುಕಾಳು ಅಥವಾ ಹುರುಳಿಕಾಳು ಬೇಯಲು ಇಟ್ಟು, ಅದಕ್ಕೆ ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು. ಬೆಂದ ಮೇಲೆ ನೀರು ಬಸಿದು ಬೇರೆ ಇಡುತ್ತಾರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ರುಬ್ಬಿ ಖಾರ. ಬಸಿದ ಕಾಳು-ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಅದೇ ಪಲ್ಯ. ನನ್ನ ಪಾಲಿಗೆ ಬೇಯಿಸುವ ಮುಂಚಿನ ಒಣಕಾಳು 50 ಗ್ರಾಂ ಬರುವ ಹಾಗೆ ಅಳೆದು ಹಾಕಿಸುತ್ತೇನೆ. ಅದರಲ್ಲೇ 11 ಗ್ರಾಂ ಪ್ರೋಟೀನ್ ಬಂತು, ಡಬ್ಬಿಯ ಪನೀರು, ಕಿನ್ವಾ ಎರಡೂ ಸೇರಿ ಕೊಟ್ಟಷ್ಟು.

ಮುದ್ದೆ ಮಾತ್ರ ಜಗಳ. ಅತ್ತೆ ಕಟ್ಟುವ ಮುದ್ದೆ ತೂಗಿ ನೋಡಿದರೆ 130 ಗ್ರಾಂ ಹಿಟ್ಟಿನದು. ಅರ್ಧ ಸಾಕು ಅಂದೆ. "ಇದು ಮುದ್ದೇನಾ, ನಿಂಬೆಹಣ್ಣಾ?" ಅಂದರು. ಈಗ ಅರ್ಧ ಮುದ್ದೆ, ತಟ್ಟೆ ತುಂಬ ಪಲ್ಯ, ಎರಡು ಲೋಟ ಬಿಸಿ ಸಾರು. ಬಿಸಿಬಿಸಿ ಖಾರದ ಸಾರನ್ನು ಯಾರೂ ಗಬಗಬ ಕುಡಿಯಲು ಆಗುವುದಿಲ್ಲ ನೋಡಿ. ಊಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಡಬ್ಬಿ ಐದು ನಿಮಿಷಕ್ಕೆ ಖಾಲಿಯಾಗುತ್ತಿತ್ತು.

ಬೆಳಿಗ್ಗೆ ಜಿಮ್ಮಿಂದ ಬಂದ ಮೇಲೆ ಹಸಿವಿರಲಿ ಬಿಡಲಿ, ಎರಡು ಮೊಟ್ಟೆ, ಒಂದು ಹೆಸರುಕಾಳು ದೋಸೆ. ಸೋಮವಾರ, ಶನಿವಾರ ನಮ್ಮನೆಯಲ್ಲಿ ಮೊಟ್ಟೆ ಇಲ್ಲ, ಆವತ್ತು ದೋಸೆ ಎರಡು, ಒಂದು ಬಟ್ಟಲು ಮೊಸರು. ನಾಲ್ಕು ಗಂಟೆಗೆ ಬ್ಯಾಗಿನಲ್ಲಿ ಹುರಿಗಡಲೆ, ದೇವರಾಜ ಮಾರುಕಟ್ಟೆಯಿಂದ ತಂದದ್ದು. ಒಂದು ಹಿಡಿ, 30 ಗ್ರಾಂ. ಬಾರಿನ ದುಡ್ಡಿಗೆ ವಾರಗಟ್ಟಲೆ ಬರುತ್ತದೆ. ಹನ್ನೊಂದರ ನಡುಕ ನಿಂತಿದೆ. ಉಪ್ಪಿಟ್ಟಿನ ಬಾಂಡಲೆ ಕಡೆ ರಾತ್ರಿ ಹೋಗಿಲ್ಲ, ಎರಡು ಸಲ ಬಿಟ್ಟರೆ.

ಎರಡನೇ ತಿಂಗಳ ಕೊನೆಗೆ 71.4. ಈಗ 70.6. ನಿಧಾನ, ಆದರೆ ಯಾರ ಮೇಲೂ ರೇಗದೆ ಇಳಿದ ತೂಕ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಇರುವವರು ಡಾಕ್ಟರನ್ನು ಕೇಳದೆ ನನ್ನ ಲೆಕ್ಕ ಹಿಡಿಯಬೇಡಿ.

ಡಬ್ಬಿಗೆ ನನ್ನ ಅಂಕ ಐದಕ್ಕೆ ಎರಡೂವರೆ. ಕೂತು ಕೆಲಸ ಮಾಡುವವರಿಗೆ, ಮನೆಯಲ್ಲಿ ಅಡುಗೆಗೆ ಯಾರೂ ಇಲ್ಲದವರಿಗೆ ಮೂರೂವರೆ ಕೊಡಬಹುದು. ಮಂಗಳವಾರದ ಬೀಟ್‌ರೂಟ್-ಹೆಸರುಕಾಳು ಡಬ್ಬಿಯಂತೂ ನಿಜಕ್ಕೂ ಚೆನ್ನಾಗಿದೆ, ಅದನ್ನು ಬಿಟ್ಟಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ ಇಲ್ಲ ಅಂದರು, ಆದರೆ ಮೊದಲ ತಿಂಗಳಲ್ಲಿ ನಾನು ರಜೆ ಹೇಳಿದ್ದ ಐದು ಡಬ್ಬಿಗಳನ್ನು ಮಧ್ಯಾಹ್ನಕ್ಕೆ ಹೊಂದಿಸಿಕೊಟ್ಟರು.

ಅದರಲ್ಲಿ ಒಂದನ್ನು ಮೊನ್ನೆ ಅತ್ತೆಗೆ ಕೊಟ್ಟೆ. ಕಿನ್ವಾವನ್ನು ಬೆರಳಲ್ಲಿ ಹೊಸಕಿ ನೋಡಿದರು. "ಇದು ನವಣೆ ಅಲ್ವೇನಮ್ಮ? ಇನ್ನೂ ಬೆಂದಿಲ್ಲ." ಪನೀರ್ ಮಾತ್ರ ಆರಿಸಿ ತಿಂದು, ಮಿಕ್ಕಿದ್ದಕ್ಕೆ ಒಗ್ಗರಣೆ ಹಾಕಿದರು.