ಸೇವಂತಿಗೆ ಅಳಿಸಿದ ಜಪಾನಿ ಕೋವಿ: ಟೈಪ್ 99 ಅರಿಸಾಕ ತಗೊಂಡು ಒಂದು ವರ್ಷ ಆದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನಿರೋದು ಅಮೆರಿಕದ ಒಹಾಯೋದಲ್ಲಿ, ಸಿಟಿಜನ್ ಆಗಿ ಕೆಲವು ವರ್ಷ ಆಯ್ತು, ಇಲ್ಲಿ ಹಳೇ ಮಿಲಿಟರಿ ರೈಫಲ್ ತಗೊಂಡು ಮನೇಲಿ ಇಟ್ಕೊಳ್ಳೋದಕ್ಕೆ ಕಾನೂನಿನ ಅಡ್ಡಿ ಇಲ್ಲ, ಅದಕ್ಕೇ ತಗೊಂಡೆ. ಎಚ್1ಬಿಯಲ್ಲಿರೋ ಹುಡುಗ್ರು ಇದನ್ನ ಓದ್ಕೊಂಡು ಅಂಗಡಿಗೆ ಓಡ್ಬೇಡಿ, ನಿಮಗೆ ರೂಲ್ಸೇ ಬೇರೆ, ಸಾಮಾನ್ಯವಾಗಿ ಆಗಲ್ಲ. ಊರಿಗೆ ತರೋ ಆಸೆ ಅಂತೂ ಕನಸಲ್ಲೂ ಬೇಡ.

ನನ್ನ ಕೋವಿ ಹುಚ್ಚು ಎಲ್ಲಿಂದ ಬಂತು ಅಂದ್ರೆ ಕೊಪ್ಪದ ಹತ್ರ ನಮ್ಮನೆ ಜಗಲಿ ಪಕ್ಕದ ರೂಮಲ್ಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತು, ಹಂದಿ ಕಾಟಕ್ಕೆ ಲೈಸೆನ್ಸ್ ಮಾಡ್ಸಿದ್ದು, ನಮ್ಮನ್ನ ಹತ್ರಕ್ಕೂ ಬಿಡ್ತಿರ್ಲಿಲ್ಲ. ಎಲೆಕ್ಷನ್ ಬಂತು ಅಂದ್ರೆ ಅಪ್ಪ ಅದನ್ನ ಗೋಣಿಲಿ ಸುತ್ಕೊಂಡು ಸ್ಟೇಷನ್ನಿಗೆ ಡೆಪಾಸಿಟ್ ಇಡಕ್ಕೆ ಹೋಗೋರು, ಗದ್ದೆಗೆ ಹಂದಿ ನುಗ್ಗೋದು ಸರಿಯಾಗಿ ಅದೇ ವಾರ. ಹಾಗಾಗಿ ಕೋವಿ ಅಂದ್ರೆ ನಂಗೆ ಯುದ್ಧ ಸಿನಿಮಾ ನೆನಪಾಗಲ್ಲ, ಗೋಣಿಚೀಲ ನೆನಪಾಗತ್ತೆ.

ಸರಿ, ವಿಷಯಕ್ಕೆ ಬರ್ತೀನಿ. ಅರಿಸಾಕ ಅನ್ನೋದು ಜಪಾನಿ ಸೇನೆಯ, ಪ್ರತಿ ಗುಂಡಿಗೂ ಬೋಲ್ಟ್ ಅನ್ನೋ ಹಿಡಿನ ಕೈಯಲ್ಲೇ ಎಳೆದು ತಳ್ಳೋ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳ ಮನೆತನದ ಹೆಸರು, 1897ರ ಟೈಪ್ 30 ಮಾಡಿದ ಅರಿಸಾಕ ನರಿಯಾಕಿರ ಅನ್ನೋ ಅಧಿಕಾರಿ ಹೆಸರಿಂದ ಬಂದಿದ್ದು. ಕಲೆಕ್ಟ್ ಮಾಡೋರ ಕೈಗೆ ಹೆಚ್ಚಾಗಿ ಸಿಗೋದು ಎರಡು. ಒಂದು ಟೈಪ್ 38, 1905ರದು, ಮೇಜಿ ದೊರೆಯ 38ನೇ ವರ್ಷ ಅಂತ ಆ ಹೆಸರು, 6.5 ಮಿಮೀ ತೋಟಾ, ನಳಿಗೆ ಉದ್ದ ನೋಡಿದ್ರೆ ದೋಟಿ ಇದ್ದ ಹಾಗಿದೆ. ಇನ್ನೊಂದು ಟೈಪ್ 99, 1939ರದು, ಅವರ ಸಾಮ್ರಾಜ್ಯದ ಲೆಕ್ಕದಲ್ಲಿ 2599 ಆದ್ರಿಂದ 99, ತೋಟಾ 7.7 ಮಿಮೀ. ನನ್ನದು ಎರಡನೇದು. ಮೇಲ್ಗಡೆ ಮೂರು ಅಕ್ಷರ ಒಂದರ ಕೆಳಗೊಂದು ಕೆತ್ತಿದಾರೆ, ಒಂಬತ್ತು, ಒಂಬತ್ತು, ನಮೂನೆ ಅಂತ ಓದ್ಕೋಬೇಕು, ಜಪಾನಿ ಬರದೆ ಇದ್ರೂ ಒಂದೇ ಅಕ್ಷರ ಎರಡು ಸಲ ಬಂದಿರೋದು ಕಣ್ಣಿಗೆ ಬೀಳತ್ತೆ.

ತಗೊಳ್ಳೋಕೆ ಮುಂಚೆ ಒಂದು ಗನ್ ಶೋಗೆ ಹೋಗಿದ್ದೆ, ಅಲ್ಲಿ ಆದದ್ದು ಹೇಳ್ಲೇಬೇಕು. ಒಂದು ಟೇಬಲ್ಲಲ್ಲಿ ಟೈಪ್ 99 ಇತ್ತು, ಚೀಟಿ ಮೇಲೆ 900 ಡಾಲರ್. ಆ ಮನುಷ್ಯ ಕೇಳೋದೇ ತಡ ಶುರು ಮಾಡ್ದ, ನಮ್ಮ ದೊಡ್ಡಪ್ಪ ಗ್ವಾಡಲ್ಕೆನಾಲ್ ದ್ವೀಪದಲ್ಲಿ ಶತ್ರು ಕೈಯಿಂದ ಕಿತ್ಕೊಂಡು ಬಂದಿದ್ದು, ರಕ್ತದ ಕಲೆ ಇನ್ನೂ ಮರದಲ್ಲಿದೆ ಹಾಗೆ ಹೀಗೆ ಅಂತ. ನಾನು ಪಾಪ ಅನ್ಕೊಂಡು ಕೈಗೆ ತಗೊಂಡೆ. ಗುರಿ ನೋಡೋ ಹಿಂದಿನ ಸೈಟ್ ಮೇಲೆ ಕೆಳಗೆ ಆಡೋದಲ್ಲ, ಒಂದು ತೂತು ಕೊರೆದ ತುಂಡು ಕಬ್ಬಿಣ ಬೆಸುಗೆ ಹಾಕಿಟ್ಟ ಹಾಗಿತ್ತು. ಭುಜಕ್ಕೆ ಒತ್ತೋ ಹಿಂಬದಿ ತಟ್ಟೆ ಕಬ್ಬಿಣದ್ದಲ್ಲ, ಮರದ ತುಂಡಿಗೆ ಮೊಳೆ ಹೊಡೆದಿದ್ದು. ಅರ ಉಜ್ಜಿದ ಗೆರೆ ಎಲ್ಲಾ ಕಡೆ ಎದ್ದು ಕಾಣ್ತಿತ್ತು. ಅಂದ್ರೆ ಇದು ಎರಡನೇ ಮಹಾಯುದ್ಧದ ಕೊನೇ ಗಳಿಗೆಯ ಮಾಲು, ಕಬ್ಬಿಣವೂ ಇಲ್ಲ ಹೊತ್ತೂ ಇಲ್ಲ ಅನ್ನೋ ಕಾಲದಲ್ಲಿ ಹೇಗೋ ಮಾಡಿ ಮುಗಿಸಿದ್ದು. ಗ್ವಾಡಲ್ಕೆನಾಲ್ ಕಾಳಗ ಮುಗಿದಿದ್ದು 1943ರ ಫೆಬ್ರವರಿಲಿ! ದೊಡ್ಡಪ್ಪ ಇನ್ನೂ ಹುಟ್ಟದೇ ಇರೋ ಕೋವಿನ ಕಿತ್ಕೊಂಡಿದಾರೆ. ಸುಮ್ನೆ ನಕ್ಕು, ಥ್ಯಾಂಕ್ಸ್ ಹೇಳಿ ಇಟ್ಟು ಬಂದೆ. ಆ ಕೊನೇ ಕಾಲದ ಕೋವಿಗಳಿಗೂ ಕಲೆಕ್ಟರ್‌ಗಳಲ್ಲಿ ಬೇಡಿಕೆ ಇದೆ, ಅದು ಬೇರೆ ಮಾತು, ಆದ್ರೆ ಆ 900ರಲ್ಲಿ ಅರ್ಧ ದುಡ್ಡು ದೊಡ್ಡಪ್ಪನ ಕಥೆಗೆ.

ನಾನು ತಗೊಂಡಿದ್ದು ನಮ್ಮೂರಿಂದ ನಲವತ್ತು ಮೈಲಿ ದೂರದ ಒಂದು ಸಣ್ಣ ಅಂಗಡೀಲಿ. ಅಂಗಡಿ ಅಂದ್ರೆ ಅರ್ಧ ಮೀನಿನ ಗಾಳ, ಅರ್ಧ ಹಳೇ ಕೋವಿ. ವಯಸ್ಸಾದ ಮಾಲೀಕ, ಮಾತು ಕಮ್ಮಿ, ಒಂದೇ ಒಂದು ಕಥೆ ಹೇಳ್ಲಿಲ್ಲ ಅನ್ನೋದೇ ನಂಗೆ ಮೊದಲು ಹಿಡಿಸಿದ್ದು. ಬೋಲ್ಟ್ ತೆಗೆದು ಕೈಗೆ ಕೊಟ್ಟ, ಟಾರ್ಚ್ ಕೊಟ್ಟ, "ನಳಿಗೆ ಒಳಗೆ ನೀವೇ ನೋಡಿ" ಅಂದ. ಒಳಗೆ ಸ್ಟೀಲ್ ಲೋಟ ಇದ್ದ ಹಾಗೆ ಮಿಂಚ್ತಿತ್ತು. ಟೈಪ್ 99ರಲ್ಲಿ ನಳಿಗೆ ಒಳಗೆ ಕ್ರೋಮ್ ಲೇಪ ಇರತ್ತೆ, ಕೊನೇ ಕಾಲದವು ಬಿಟ್ಟು. ಆಗಿನ ಮದ್ದು ನಳಿಗೆ ತಿಂದ್ಹಾಕೋ ಜಾತಿದು, ಟೈಪ್ 38ರಲ್ಲಿ ಈ ಲೇಪ ಇಲ್ಲ, ಹಾಗಾಗಿ ಅವುಗಳಲ್ಲಿ ಎಷ್ಟೋ ನಳಿಗೆ ಒಳಗಡೆ ಗುಳಿ ಗುಳಿ.

ಕೋವಿ ಕೊಳ್ಳೋರು ತುಂಬೋ ಸರ್ಕಾರಿ ಫಾರಂ 4473 ತುಂಬಿದೆ, ಬ್ಯಾಕ್‌ಗ್ರೌಂಡ್ ಚೆಕ್ ಅರ್ಧ ಗಂಟೆ ಒಳಗೆ ಬಂತು, ಟ್ಯಾಕ್ಸ್ ಬಿಟ್ಟು 425 ಡಾಲರ್. ಆಮೇಲೆ ಗೊತ್ತಾಗಿದ್ದು ಏನಂದ್ರೆ 50 ವರ್ಷಕ್ಕಿಂತ ಹಳೇ ಕೋವಿ ಕಲೆಕ್ಟ್ ಮಾಡೋರಿಗೆ ಅಂತಲೇ ಒಂದು ಫೆಡರಲ್ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್, ಅದಿದ್ರೆ ಬೇರೆ ರಾಜ್ಯದಿಂದಲೂ ನೇರ ಮನೆಗೆ ತರಿಸ್ಕೋಬಹುದು, ನಿಮ್ಮ ರಾಜ್ಯದ ಕಾನೂನು ಒಂದ್ಸಲ ನೋಡ್ಕೊಳ್ಳಿ ಅಷ್ಟೇ. ನಾನು ಈಗ ಮಾಡಿಸ್ಕೊಂಡಿದೀನಿ, ಮೊದಲೇ ಮಾಡಿಸ್ಬೇಕಿತ್ತು.

ಈಗ ಸೇವಂತಿಗೆ ವಿಷಯ. ಇದೇ ಇವುಗಳ ಬೆಲೆ ನಿರ್ಧಾರ ಮಾಡೋದು. ಚಕ್ರವರ್ತಿಯ ಆಸ್ತಿ ಅನ್ನೋ ಗುರುತಿಗೆ ರಿಸೀವರ್ ಅಂದ್ರೆ ಬೋಲ್ಟ್ ಕೂರೋ ಕಬ್ಬಿಣದ ಭಾಗದ ಮೇಲೆ 16 ಎಸಳಿನ ಸೇವಂತಿಗೆ ಹೂ ಒತ್ತಿರ್ತಿದ್ರು. 1945ರಲ್ಲಿ ಶರಣಾದಾಗ ಶತ್ರುಗೆ ಒಪ್ಪಿಸೋ ಮುಂಚೆ ಅದನ್ನ ಉಜ್ಜಿ ಅಳಿಸಿದ್ರು. ಹಾಗಾಗಿ ಹೂ ಪೂರ್ತಿ ಇದ್ರೆ ಅದು ಹೆಚ್ಚಾಗಿ ಯುದ್ಧ ನಡೀತಿರೋವಾಗಲೇ ಅಮೆರಿಕದ ಸೈನಿಕರ ಕೈ ಸೇರಿದ್ದು ಅಂತ ಲೆಕ್ಕ, ಬೆಲೆ ಸರ್ರನೆ ಏರತ್ತೆ, ಜೊತೆಗೆ ಕೋವಿ ಊರಿಗೆ ತಗೊಂಡು ಹೋಗಬಹುದು ಅಂತ ಮೇಲಧಿಕಾರಿ ಸಹಿ ಹಾಕಿದ ಹಳೇ ಪರವಾನಗಿ ಚೀಟಿನೂ ಇದ್ರೆ ಕೇಳೋದೇ ಬೇಡ. ನನ್ನದ್ರಲ್ಲಿ ಹೂ ಇಲ್ಲ. ಅದಿದ್ದ ಜಾಗದಲ್ಲಿ ಅಡ್ಡಾದಿಡ್ಡಿ ಗೀರು, ಯಾರೋ ಅವಸರದಲ್ಲಿ, ಬಹುಶಃ ಸಾಲಾಗಿ ನೂರಾರು ಇಟ್ಕೊಂಡು ಉಜ್ಜಿರ್ಬೇಕು. ಒಂದು ಎಸಳಿನ ತುದಿ ಮಾತ್ರ ಸಣ್ಣಗೆ ಉಳಿದಿದೆ. ಅಂಗಡಿಯವನಿಗೆ ಅದು ಊನ, ಅದಕ್ಕೇ ನಂಗೆ ಅಗ್ಗಕ್ಕೆ ಸಿಕ್ಕಿದ್ದು. ನಂಗೆ ಇಡೀ ಕೋವೀಲಿ ಇಷ್ಟವಾದ ಜಾಗ ಅದೇ, ಬೆರಳಿಟ್ಟು ಸವರಿದ್ರೆ ಆ ಗೀರು ತಗಲತ್ತೆ.

ಊನ ಅಂದ್ರೆ ಇನ್ನೂ ಇದೆ. ಬೋಲ್ಟಿನ ನಂಬರು ಕೋವಿ ನಂಬರಿಗೆ ಹೊಂದಲ್ಲ. ಒಪ್ಪಿಸೋವಾಗ ಬೋಲ್ಟುಗಳನ್ನ ಬೇರೆ, ಕೋವಿಗಳನ್ನ ಬೇರೆ ಗುಡ್ಡೆ ಹಾಕ್ತಿದ್ದದ್ದಕ್ಕೆ ಇಂಥವು ಎಷ್ಟೋ ಇವೆ. ಇಂಥದ್ದು ತಗೊಂಡ್ರೆ ಬೋಲ್ಟಿಗೂ ತೋಟಾಗೂ ನಡುವಿನ ಸಂದು ಅಳೆಯೋ ಹೆಡ್‌ಸ್ಪೇಸ್ ಗೇಜ್ ಹಾಕಿ ನೋಡೋ ಗನ್‌ಸ್ಮಿತ್ ಹತ್ರ ಹೋಗದೆ ಒಂದು ಗುಂಡೂ ಹಾರಿಸ್ಬೇಡಿ, ನಂಗೆ ಅದಕ್ಕೆ 40 ಡಾಲರ್ ಆಯ್ತು, ಪಾಸಾಯ್ತು. ಹಾಗೇ 7.7 ತೋಟಾ ಕೂರೋ ಜಾಗ, ಅಂದ್ರೆ ಚೇಂಬರನ್ನ, ಅಮೆರಿಕದ .30-06 ಅನ್ನೋ ತೋಟಾಕ್ಕೆ ಕೊರೆದು ಬದಲಾಯಿಸಿದ ಕೋವಿಗಳೂ ಓಡಾಡ್ತಿವೆ, ಹೊರಗಿಂದ ಸುಲಭಕ್ಕೆ ಗೊತ್ತಾಗಲ್ಲ. ಇನ್ನು ಶಾಲೆ ಹುಡುಗ್ರ ಕವಾಯತಿಗೆ ಅಂತ ಮಾಡಿದ ಟ್ರೈನಿಂಗ್ ಕೋವಿ ನೋಡಕ್ಕೆ ಅಣ್ಣತಮ್ಮ ಇದ್ದ ಹಾಗಿರತ್ತೆ, ಮೆತ್ತನೆ ಲೋಹ, ಗುಂಡಿಲ್ಲದ ಬರೀ ಮದ್ದಿನ ತೋಟಾಗೆ ಮಾತ್ರ, ನಿಜವಾದ ತೋಟಾ ಹಾಕಿದ್ರೆ ಮುಖಕ್ಕೇ ಸಿಡಿಯತ್ತೆ. ತೋಟಾ ಸಿಡಿಯೋವಾಗ ತಡ್ಕೊಳ್ಳೋ ಭಾಗ, ಅಂದ್ರೆ ಅಸಲಿ ಅರಿಸಾಕ ಆ್ಯಕ್ಷನ್ ಮಾತ್ರ ಬಹಳ ಗಟ್ಟಿ, ಆ್ಯಕ್ಲಿ ಅನ್ನೋ ಹೆಸರಾಂತ ಗನ್‌ಸ್ಮಿತ್ ಯುದ್ಧದ ನಂತರ ಬೇರೆ ಬೇರೆ ದೇಶದ ರೈಫಲ್‌ಗಳನ್ನ ಬೇಕಂತಲೇ ಒಡೆದು ನೋಡಿದಾಗ ಇದೇ ಎಲ್ಲಕ್ಕಿಂತ ತಡ್ಕೊಂಡಿದ್ದು.

ಹೊಸಬರು ಬೇಸ್ತು ಬೀಳೋದು ಮರದ ವಿಷಯದಲ್ಲಿ. ಹಿಂಬದಿ ಮರದಲ್ಲಿ ಉದ್ದಕ್ಕೆ ಒಂದು ಗೆರೆ ಕಾಣತ್ತೆ, ನಾನೂ ಬಿರುಕು ಅಂತ ಚೌಕಾಸಿಗೆ ಹೋಗಿ ನಗೆಪಾಟಲಾದೆ. ಜಪಾನಿಯರು ಬೇಕಂತಲೇ ಎರಡು ತುಂಡು ಕೂಡಿಸ್ತಿದ್ರಂತೆ, ಮರದ ಉಳಿತಾಯಕ್ಕೆ. ಮುಂದಿನ ಪಟ್ಟಿ ಕೆಳಗೆ ಅಡ್ಡಕ್ಕೆ ಗರಗಸದ ಗುರುತಿದ್ರೆ ಮಾತ್ರ ಅದು ಬೇರೆ ಕಥೆ, ಅಮೆರಿಕದ ಸೈನಿಕರು ಊರಿಗೆ ತರೋ ಚೀಲದಲ್ಲಿ ತುರುಕಕ್ಕೆ ಕೊಯ್ದಿದ್ದು. ಮರಕ್ಕೆ ಬಳಿದಿರೋದು ಉರುಶಿ ಅನ್ನೋ ಅರಗು, ಒಂದು ಮರದ ಸೊನೆ, ನಮ್ಮ ಗೇರು ಮಾವಿನ ಕುಟುಂಬದ್ದೇ. ಗೇರು ಸೊನೆ ಸಿಡಿದು ಮೈ ಸುಟ್ಕೊಂಡೋರಿಗೆ ಬೇರೆ ಹೇಳ್ಬೇಕಾ, ಮರಳು ಕಾಗದ ಹಾಕಿ ಉಜ್ಜಿದ್ರೆ ಕೆಲವರಿಗೆ ಆ ಪುಡಿಯಿಂದ ತುರಿಕೆ ಏಳತ್ತೆ. ತುರಿಕೆ ಇಲ್ದಿದ್ರೂ ಉಜ್ಜಬಾರದು, ಉಜ್ಜಿದ್ರೆ ಕಲೆಕ್ಷನ್ ಬೆಲೆ ಹೋಯ್ತು.

ಹಾರಿಸೋದು ಹೇಗಿದೆ? ರೇಂಜಲ್ಲಿ ಇಪ್ಪತ್ತು ಗುಂಡು ಹಾರಿಸಿದೀನಿ, ಭುಜ ಎರಡು ದಿನ ನೋವಿತ್ತು. ಸುಮಾರು 3.8 ಕೆಜಿ ತೂಕ. ಇಪ್ಪತ್ತರ ಡಬ್ಬಿಗೆ 45 ಡಾಲರ್ ಕೊಟ್ಟೆ, ಅಂದ್ರೆ ಒಂದೊಂದು ಢಂ ಅನ್ನೋವಾಗಲೂ ಎರಡು ಡಾಲರ್ ಚಿಲ್ಲರೆ ಹೋಯ್ತು ಅಂತ ಮನಸ್ಸಲ್ಲಿ ಲೆಕ್ಕ. ಊರಲ್ಲಿ ಪೊಲೀಸ್ರ ಹೆಗಲಲ್ಲಿ ನೋಡಿರ್ತೀರಲ್ಲ .303, ಅದರ ಗುಂಡಿನ ದಪ್ಪವೂ ಹೆಚ್ಚುಕಮ್ಮಿ ಇಷ್ಟೇ, ಆದ್ರೆ ತೋಟಾ ಬೇರೆ, ಅದಿದಕ್ಕೆ ಹೋಗಲ್ಲ. ಸೇಫ್ಟಿ ಹಾಕಕ್ಕೆ ಹಿಂದಿನ ಬಿಲ್ಲೆನ ಅಂಗೈಲಿ ಒತ್ತಿ ತಿರುಗಿಸ್ಬೇಕು, ವಿಚಿತ್ರ ಅನ್ಸಿದ್ರೂ ಅಭ್ಯಾಸ ಆಗತ್ತೆ. ಹಿಂದಿನ ಸೈಟಲ್ಲಿ ಎರಡೂ ಕಡೆ ಮಡಚೋ ರೆಕ್ಕೆ ಇದೆ, ವಿಮಾನ ಹೊಡೆಯಕ್ಕಂತೆ! ಬೋಲ್ಟ್ ರೈಫಲ್ಲಲ್ಲಿ ಓಡೋ ವಿಮಾನ. ಕೆಳಗೆ ತಂತಿಯ ಒಂಟಿ ಕಾಲು ಇರ್ಬೇಕಿತ್ತು, ಬೋಲ್ಟ್ ಮೇಲೆ ತಗಡಿನ ಮುಚ್ಚಳ ಇರ್ಬೇಕಿತ್ತು, ಎರಡೂ ಇಲ್ಲ. ಆ ಮುಚ್ಚಳ ನಡೆಯೋವಾಗ ಗಲಗಲ ಸದ್ದು ಮಾಡತ್ತೆ ಅಂತ ಜಪಾನಿ ಸೈನಿಕರೇ ಬಿಸಾಕ್ತಿದ್ರಂತೆ. ಈಗ ನಕಲಿ ಸಿಗ್ತವೆ, ಅಸಲಿ ಅಂತ ಮಾರೋರೂ ಸಿಗ್ತಾರೆ.

ಇನ್ನೊಂದು ಮಜಾ. ಟೈಪ್ 99 ಮಾಡಿದ ಕಾರ್ಖಾನೆಗಳಲ್ಲಿ ಹಿರೋಶಿಮಾ ಕಡೆಯ ಟೊಯೊ ಕೊಗ್ಯೊ ಅಂದ್ರೆ ಇವತ್ತಿನ ಮಜ್ದಾ ಕಾರು. ಟೋಕಿಯೋ ಜುಕಿ ಅಂದ್ರೆ ಹೊಲಿಗೆ ಮಿಷನ್ನಿನ ಅದೇ ಜುಕಿ. ನಮ್ಮತ್ತಿಗೆ ಪೀಣ್ಯದ ಗಾರ್ಮೆಂಟ್ಸಲ್ಲಿ ಎಂಟು ವರ್ಷ ಜುಕಿ ಮಿಷನ್ ತುಳಿದೋರು, ಅವ್ರಿಗೆ ಹೇಳ್ದೆ, "ಅದಕ್ಕೇ ಅಷ್ಟು ಸದ್ದು ಮಾಡ್ತಿತ್ತು ನೋಡು" ಅಂದ್ರು. ನನ್ನದು ಜುಕಿ ಅಲ್ಲ, ನಗೋಯಾದ್ದು. ಜುಕಿ ಗುರುತಿರೋದು ಸಿಕ್ಕಿದ್ರೆ ಅತ್ತಿಗೆ ಹೆಸರಲ್ಲಿ ಒಂದು ತಗೊಳ್ಳೋಣ ಅಂತಿದೀನಿ, ಹೆಂಡತಿಗೆ ಇನ್ನೂ ಹೇಳಿಲ್ಲ.

ಅಂಗಡಿಗೆ ಐದಕ್ಕೆ ಐದು. ಕೋವಿಗೆ ನಾಲ್ಕು, ಒಂದು ಕಳೆದಿದ್ದು ತೋಟಾ ರೇಟಿಗೆ. ಮೊದಲ ಸಲ ತಗೊಳ್ಳೋರು ಹೂ ಹುಡುಕ್ಕೊಂಡು ಹೋಗ್ಬೇಡಿ, ನನ್ನ ಹಾಗೆ ಹೂ ಅಳಿಸಿದ, ನಳಿಗೆ ಚೆನ್ನಾಗಿರೋ, ಯುದ್ಧದ ಮಧ್ಯಕಾಲದ್ದು ನೋಡಿ.

ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರ್ಸಿದೆ, ಬೀಗ ಹಾಕೋ ಕಬ್ಬಿಣದ ಬೀರುನೂ ತೋರ್ಸಿದೆ. ಸುಮಾರು ಹೊತ್ತು ನೋಡಿ ಕೇಳಿದ್ದು ಒಂದೇ, "ಅಲ್ಲಿ ಎಲೆಕ್ಷನ್ ಬಂದ್ರೆ ಎಷ್ಟು ದೂರ ಹೊತ್ಕೊಂಡು ಹೋಗ್ಬೇಕೋ ಸ್ಟೇಷನ್ನಿಗೆ?"